ಗಿಡ್ಡ ಕಡೆ, ಉದ್ದ ಕಡೆ

ನಮ್ಮೂರಿನಲ್ಲಿ ದೋಸೆ ಹಿಟ್ಟನ್ನು ಹೆಂಚಿನ ಮಧ್ಯಕ್ಕೆ ಹುಯ್ದರೆ ಅದು ಮಧ್ಯದಲ್ಲಿ ನಿಲ್ಲುವುದಿಲ್ಲ. ಕೆಳಬದಿಗೆ ಜಾರಿ ಅಲ್ಲಿ ದಪ್ಪಗಾಗುತ್ತದೆ, ಮೇಲುಬದಿಯಲ್ಲಿ ಹಪ್ಪಳದ ಹಾಗೆ ತೆಳ್ಳಗಾಗುತ್ತದೆ. ಮೆತ್ತಗೆ ಬೇಕಾದವರು ದಪ್ಪ ತುದಿ ಹರಿದುಕೊಳ್ಳುತ್ತಾರೆ, ಗರಿಗರಿ ಬೇಕಾದವರು ತೆಳು ತುದಿ. ಗಂಡ ಹೆಂಡತಿ ಒಂದೇ ತುದಿಗೆ ಕೈ ಹಾಕಿದರೆ ಆ ಸಂಸಾರದಲ್ಲಿ ತಂಟೆ ಇದೆ ಎಂದು ತಿಳಿಯಬೇಕು. ಹೆಣ್ಣು ಗಂಡು ನೋಡುವವರು ಶಾಸ್ತ್ರಕ್ಕೆ ಮೊದಲು ಇಬ್ಬರನ್ನೂ ನನ್ನ ಹೋಟೆಲಿಗೆ ಕರೆತಂದು ಒಂದು ದೋಸೆಯ ಮುಂದೆ ಕೂರಿಸುವುದೂ ಉಂಟು.

ಊರು ಆರು ತಿಂಗಳು ಕೆರೆಯ ಕಡೆಗೆ ವಾಲಿರುತ್ತದೆ, ಆರು ತಿಂಗಳು ಪೇಟೆಯ ಕಡೆಗೆ. ಮಾವಿನಕಾಯಿ ಉಪ್ಪಿಗೆ ಬೀಳುವ ಹೊತ್ತಿಗೊಮ್ಮೆ, ಸೀತಾಫಲದ ಗಾಡಿ ಬರುವ ಹೊತ್ತಿಗೊಮ್ಮೆ ಹೊರಳುತ್ತದೆ. ಹೊರಳಿದಾಗ ನಾವು ಮಂಚದ ಕಾಲಿನ ಇಟ್ಟಿಗೆಗಳನ್ನು ಈ ಕಡೆಯಿಂದ ತೆಗೆದು ಆ ಕಡೆಗೆ ಕೊಡುತ್ತೇವೆ, ತೊಟ್ಟಿಲು ಬಿಚ್ಚಿ ಕಟ್ಟುತ್ತೇವೆ, ಮತ್ತೆ ನಮ್ಮ ನಮ್ಮ ಕೆಲಸ. ಹಾಗಾದರೆ ಕೆರೆ ಚೆಲ್ಲುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಅವರೂರಿನ ಕೆರೆ ಏಕೆ ಚೆಲ್ಲುವುದಿಲ್ಲ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಎಡ, ಬಲ ಎಂಬ ಮಾತುಗಳು ನಮ್ಮಲ್ಲಿ ಶಾಲೆಯ ಪುಸ್ತಕದಲ್ಲಿವೆ, ಬಾಯಿಯಲ್ಲಿಲ್ಲ. ಕೆಳಬದಿ, ಮೇಲುಬದಿ, ಅಷ್ಟೇ. ಲೋಟ ಕೆಳಬದಿ ಕೈಯಲ್ಲಿ ಹಿಡಿ, ಮೇಲುಬದಿ ಕಿವಿ ತೂತು ಮುಚ್ಚಿದೆ, ಹೀಗೆ ಮಾತಾಡುತ್ತೇವೆ. ಮನುಷ್ಯ ತಿರುಗಿ ನಿಂತರೆ ಅವನ ಕೆಳಬದಿ ಕೈ ಮೇಲುಬದಿ ಕೈಯಾಗುತ್ತದೆ ನಿಜ. ಬೆರಳು ತೋರಿಸಿದರೆ ಆಯಿತು, ಇಷ್ಟು ತಲೆಮಾರು ಹಾಗೇ ನಡೆದಿದೆ.

ನಾನೊಬ್ಬಳು ಮಾತ್ರ ನನ್ನ ಮೈಗೆ ಬೇರೆ ಹೆಸರು ಇಟ್ಟುಕೊಂಡವಳು. ಮೂರು ವರ್ಷದವಳಿದ್ದಾಗ ಬಂದ ಜ್ವರ, ಹೋಗುವಾಗ ನನ್ನ ಒಂದು ಕಾಲಿನ ಬೆಳವಣಿಗೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆ ಕಾಲು ಸಣ್ಣಗೆ, ನಾಲ್ಕು ಬೆರಳಷ್ಟು ಗಿಡ್ಡಕ್ಕೆ ಉಳಿಯಿತು. ನಮ್ಮವ್ವ ಸ್ನಾನ ಮಾಡಿಸುವಾಗ, "ಹೊನ್ನೂರೀ, ಗಿಡ್ಡ ಕಡೆ ತಿರುಗು, ಈಗ ಉದ್ದ ಕಡೆ ತಿರುಗು" ಎನ್ನುತ್ತಿದ್ದಳು. ಗಿಡ್ಡ ಕಡೆ ಕಿವಿ, ಉದ್ದ ಕಡೆ ಕಿವಿ, ಗಿಡ್ಡ ಕಡೆ ಜಡೆ, ಉದ್ದ ಕಡೆ ಜಡೆ. ಅವ್ವ ಹೋದ ಮೇಲೆ ಆ ಮಾತನ್ನು ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ. ನಾಲ್ಕು ಜನರ ನಡುವೆ ಊರಿನ ಮಾತನ್ನೇ ಆಡುತ್ತಿದ್ದೆ.

ನನ್ನ ನಡಿಗೆಯದೂ ಒಂದು ಕಥೆಯೇ. ನೆಲ ಗಿಡ್ಡ ಕಾಲಿನ ಕಡೆ ಎತ್ತರವಿದ್ದರೆ ನನ್ನಷ್ಟು ನೇರವಾಗಿ ನಡೆಯುವವರು ಊರಿನಲ್ಲಿ ಇನ್ನೊಬ್ಬರಿಲ್ಲ. ತಿರುಗಿ ವಾಪಸ್ಸು ಬಂದೆನೋ, ದೋಣಿಯಲ್ಲಿ ನಿಂತವಳ ಹಾಗೆ ಓಲಾಡುತ್ತೇನೆ. ಕೆರೆವಾಲಿನ ಕಾಲದಲ್ಲಿ ಮನೆಯಿಂದ ಆಸ್ಪತ್ರೆಗೆ ನೇರ, ಆಸ್ಪತ್ರೆಯಿಂದ ಮನೆಗೆ ಓಲಾಟ. ಪೇಟೆವಾಲು ಬಂದರೆ ತಿರುಗುಮುರುಗು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಎರಡು ವರ್ಷದ ಕೆಳಗೆ ನನಗೆ ಹೊಟ್ಟೆನೋವು ಶುರುವಾಯಿತು. ಉದ್ದ ಕಡೆ, ಪಕ್ಕೆಲುಬಿನ ಕೆಳಗೆ. ಉಂಡು ಒಂದಷ್ಟು ಹೊತ್ತಾದ ಮೇಲೆ ಯಾರೋ ಒಳಗೆ ಕೈ ಹಾಕಿ ಒದ್ದೆ ಬಟ್ಟೆ ಹಿಂಡಿದ ಹಾಗೆ. ಹೆಂಚಿನ ಮುಂದೆ ನಿಂತವಳು ಅಲ್ಲೇ ಕುಕ್ಕರಿಸುತ್ತಿದ್ದೆ. ದೋಸೆ ಸೀದು ಹೋಗುತ್ತಿತ್ತು. ಗಿರಾಕಿಗಳು, "ಪಾಪ, ಕಾಲು" ಎನ್ನುತ್ತಿದ್ದರು.

ನಮ್ಮ ಡಾಕ್ಟರು ಚಂದ್ರಮೌಳಿ ಒಳ್ಳೆಯ ಮನುಷ್ಯ. ಅದರಲ್ಲಿ ಎರಡು ಮಾತಿಲ್ಲ. ಕರೆದರೆ ಊಟದ ತಟ್ಟೆ ಬಿಟ್ಟು ಎದ್ದು ಬರುತ್ತಾರೆ. ಹೊರಗಿನಿಂದ ಬಂದವರಾದರೂ ನಮ್ಮ ಇಳಿಜಾರಿಗೆ ಎಷ್ಟು ಹೊಂದಿಕೊಂಡರೆಂದರೆ ರಜೆಯಲ್ಲಿ ತಮ್ಮೂರಿಗೆ ಹೋದರೆ ಅಲ್ಲಿ ವಾಂತಿ ಮಾಡಿಕೊಳ್ಳುತ್ತಾರಂತೆ. ಅವರಲ್ಲಿ ದೋಷವೆಂದರೆ ಒಂದೇ. ಯಾರಿಗೆ ಎಲ್ಲಿ ನೋವಿದ್ದರೂ ಬೆರಳಿಟ್ಟು ತೋರಿಸಿದರೆ ಬೆರಳಿದ್ದ ಜಾಗ ನೋಡುತ್ತಾರೆ. ನಾನು ಬೆರಳಿಟ್ಟರೆ ಮಾತ್ರ ಅವರ ಕಣ್ಣು ಬೆರಳಿನ ಮೇಲೆ ನಿಲ್ಲುವುದಿಲ್ಲ. ದೋಸೆ ಹಿಟ್ಟಿನ ಹಾಗೆ ಕೆಳಕ್ಕೆ ಜಾರಿ ಜಾರಿ ಕಾಲಿಗೇ ಹೋಗಿ ನಿಲ್ಲುತ್ತದೆ.

ಮೊದಲ ಸಲ ಹೋದಾಗ ನನ್ನ ಗಂಡ ಓಬಳೇಶನೂ ಜೊತೆಗಿದ್ದ. ಹಿಟ್ಟು ರುಬ್ಬುವುದು, ಬೆಂಚು ಒರೆಸುವುದು, ಯಾರು ಏನೇ ಹೇಳಿದರೂ ಹೂಂ ಎನ್ನುವುದು, ಈ ಮೂರರಲ್ಲಿ ಅವನನ್ನು ಮೀರಿಸುವವರಿಲ್ಲ. ನಾನು ಸ್ಟೂಲಿನ ಮೇಲೆ ಕೂತೆ. ಡಾಕ್ಟರು ನನ್ನ ಕಾಲು ನೋಡಿದರು, ಆಮೇಲೆ ತಲೆಯೆತ್ತಿ ಓಬಳೇಶನನ್ನು ನೋಡಿದರು.

"ಇವರು ಊಟ ಸರಿಯಾಗಿ ಮಾಡ್ತಾರಾ?"

"ಹೂಂ ಸಾರ್."

"ನಿದ್ದೆ ಬರುತ್ತಾ ಇವರಿಗೆ?"

"ಹೂಂ ಸಾರ್."

"ನಿದ್ದೆಯೇ ಇಲ್ಲ ಸಾರ್, ಹೊಟ್ಟೆ ನೋವು" ಎಂದೆ ನಾನು.

ಡಾಕ್ಟರು ಓಬಳೇಶನಿಗೇ ಹೇಳಿದರು. "ನೋಡಿ, ಕಾಲಿನ ಸೆಳೆತ ಸೊಂಟಕ್ಕೆ ಏರುತ್ತೆ, ಸೊಂಟದ್ದು ಪಕ್ಕೆಗೆ ಏರುತ್ತೆ. ಅವರಿಗೆ ಹೊಟ್ಟೆ ಅಂತ ಅನ್ನಿಸುತ್ತೆ, ಅಷ್ಟೇ. ಬುಡ ಕಾಲಲ್ಲಿದೆ."

"ಹೂಂ ಸಾರ್."

"ಎಲ್ಲಿ ನೋವು ಅಂತಾರೆ?"

ಓಬಳೇಶ ಬಾಯಿ ತೆರೆಯುವ ಮುಂಚೆಯೇ ನಾನು, "ಕೆಳಬದಿ, ಪಕ್ಕೆಲುಬಿನ ಕೆಳಗೆ" ಎಂದೆ. ಮಂಚದ ಮೇಲೆ ಮಲಗಿಸಿದರು. ಅಲ್ಲೇ ಎಡವಟ್ಟಾಯಿತು. ಸ್ಟೂಲಿನಲ್ಲಿ ಕೂತಾಗ ಪೇಟೆಯ ಕಡೆಗಿದ್ದ ಪಕ್ಕೆ, ಮಂಚದಲ್ಲಿ ಮಲಗಿದಾಗ ಕೆರೆಯ ಕಡೆಗೆ ಹೋಗುತ್ತದೆ. ಡಾಕ್ಟರು ನನ್ನ ಮಾತಿನಂತೆ ಕೆಳಬದಿ ಪಕ್ಕೆಯನ್ನು ಒತ್ತಿದರು. ಅಂದರೆ ನೋವಿಲ್ಲದ ಪಕ್ಕೆಯನ್ನು.

"ನೋವಾಯ್ತಾ?"

"ಇಲ್ಲ ಸಾರ್. ಅದಲ್ಲ, ಮೇಲುಬದಿ."

ಡಾಕ್ಟರು ಕೈ ತೆಗೆದು ಓಬಳೇಶನ ಕಡೆ ತಿರುಗಿ ಮುಗುಳ್ನಕ್ಕರು. "ಈಗ ಕೆಳಬದಿ ಅಂದ್ರು. ಮಲಗೋಷ್ಟರಲ್ಲಿ ಮೇಲುಬದಿ ಆಯ್ತು. ನೋವು ಅಂದಮೇಲೆ ಒಂದು ಕಡೆ ನಿಲ್ಲಬೇಕಲ್ಲಪ್ಪಾ."

"ಹೂಂ ಸಾರ್" ಎಂದ ಓಬಳೇಶ.

ಬೆರಳಿಟ್ಟು ತೋರಿಸಿದೆ. ಡಾಕ್ಟರ ಕಣ್ಣು ಬೆರಳನ್ನು ಮುಟ್ಟಿ, ಅಲ್ಲಿಂದ ಜಾರಿ, ಮೊಣಕಾಲು ದಾಟಿ, ಗಿಡ್ಡ ಪಾದದ ಮೇಲೆ ಹೋಗಿ ಕೂತಿತು. "ಎತ್ತರದ ಚಪ್ಪಲಿ ಮಾಡಿಸಿ" ಎಂದರು.

ನಾವು ಎದ್ದು ಬಂದೆವು. ಆಗ ಪೇಟೆವಾಲು. ಆಸ್ಪತ್ರೆಗೆ ಓಲಾಡಿಕೊಂಡು ಹೋದವಳು ಈಗ ಮನೆಯ ಕಡೆಗೆ ನೇರವಾಗಿ ನಡೆದೆ. ಹಿಂದಿನಿಂದ ಕಿಟಕಿಯಲ್ಲಿ ಡಾಕ್ಟರು ಸಿಸ್ಟರ್ ಮಾರ್ಥಾಗೆ ಹೇಳುವುದು ಕೇಳಿಸಿತು. "ನೋಡಿದ್ರಾ ಸಿಸ್ಟರ್? ಬರುವಾಗ ಹೇಗೆ ಬಂದ್ರು, ಹೋಗುವಾಗ ಹೇಗೆ ಹೋಗ್ತಿದ್ದಾರೆ. ಅರ್ಧ ಕಾಯಿಲೆ ಧೈರ್ಯದ ಮಾತಲ್ಲೇ ವಾಸಿಯಾಗುತ್ತೆ."

ದಾರಿಯಲ್ಲಿ ಗಂಡನನ್ನು ತರಾಟೆಗೆ ತೆಗೆದುಕೊಂಡೆ. "ನನ್ನ ಹೊಟ್ಟೆ ನಿನ್ನ ಬಾಯಲ್ಲಿದೆಯೇನಯ್ಯಾ? ನನಗೆ ನಿದ್ದೆ ಬರುತ್ತೆ ಅಂತ ನಿನಗೆ ಹೇಳಿದ್ಯಾರು?"

"ನಾನು ನಿದ್ದೆ ಮಾಡ್ತಿರ್ತೀನಲ್ಲ, ನೀನೂ ಮಾಡ್ತಿರಬೇಕು ಅಂದ್ಕೊಂಡೆ" ಎಂದ. ಸ್ವಲ್ಪ ದೂರ ಹೋಗಿ, "ಡಾಕ್ಟ್ರ ಮುಂದೆ ಇಲ್ಲ ಅಂತ ಹೆಂಗನ್ನೋದು ಹೊನ್ನೂರೀ? ಅವರು ಅಷ್ಟು ಓದಿರ್ತಾರೆ" ಎಂದ. ಅವನ ತಪ್ಪಲ್ಲ. ಅವನು ಹುಟ್ಟಿದಾಗ ಅಳುವ ಬದಲು ಹೂಂ ಅಂದನೆಂದು ಅವನ ಅಕ್ಕಂದಿರು ಹೇಳುತ್ತಿರುತ್ತಾರೆ.

ಚಪ್ಪಲಿ ಹೊಲಿಯುವ ದಾದಾಪೀರ್ ನನ್ನ ಹೋಟೆಲಿನ ಎದುರಿಗೇ ಕೂರುವವನು. ಅವನು ಗಿಡ್ಡ ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ ಮಾಡಿಕೊಟ್ಟ. ಹೊಟ್ಟೆನೋವು ನಿಲ್ಲಲಿಲ್ಲ. ಮತ್ತೆ ಹೋದೆ. ಹೊಟ್ಟೆ ಎಂದೆ. ಡಾಕ್ಟರು ಚಪ್ಪಲಿ ನೋಡಿದರು, ಇನ್ನೊಂದು ಪದರ ಹಾಕಿಸಿ ಎಂದರು. ಊರು ಹೊರಳಿತು. ಈಗ ಆಸ್ಪತ್ರೆಗೆ ನೇರವಾಗಿ ನಡೆದು ಹೋದೆ. "ಅರೇ, ಎಷ್ಟು ಚೆನ್ನಾಗಿ ನಡೀತಿದ್ದೀರಿ! ಇನ್ನೇನು ತೊಂದರೆ?" ಎಂದರು. ಹೊಟ್ಟೆ ಎಂದೆ. ಅದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ನಾನು ಬಾಗಿಲು ದಾಟಿ ಓಲಾಡಿಕೊಂಡು ಹೊರಟಿದ್ದೆ. ಕಿಟಕಿಯಿಂದ ನೋಡಿ ಗಾಬರಿಯಾಗಿ ಸಿಸ್ಟರ್ ಮಾರ್ಥಾಳನ್ನು ನನ್ನ ಹಿಂದೆ ಓಡಿಸಿದರು. ಇನ್ನೊಂದು ಪದರ.

"ಅಕ್ಕಾ, ಇದಕ್ಕಿಂತ ಮೇಲೆ ಹಾಕಿದ್ರೆ ಅದು ಚಪ್ಪಲಿ ಅಲ್ಲ, ಮೆಟ್ಟಿಲು" ಎಂದ ದಾದಾಪೀರ್. "ನಿಮಗೆ ಹೊಟ್ಟೆ ನೋವು ಅಂತ ನನಗೆ ಗೊತ್ತು. ಆದ್ರೆ ನಾನೇನು ಮಾಡ್ಲಿ, ಹೊಟ್ಟೆಗೆ ಅಟ್ಟೆ ಹಾಕೋಕೆ ಬರಲ್ಲ."

ಆ ಚಪ್ಪಲಿಯನ್ನು ನಾನು ಹೋಟೆಲಿನ ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡ ಇಡುವುದಕ್ಕೆ ಬಳಸಿದೆ. ಒಳ್ಳೆಯ ಕೆಲಸಗಾರಿಕೆ, ಈಗಲೂ ಅಲ್ಲೇ ಇದೆ.

ನೋವು ಹೆಚ್ಚುತ್ತಾ ಹೋಯಿತು. ನಾನು ಮಾಡಿದ ದೋಸೆಯನ್ನು ನಾನೇ ತಿನ್ನುವ ಹಾಗಿರಲಿಲ್ಲ. ಒಗ್ಗರಣೆಯ ವಾಸನೆಗೇ ಹೊಟ್ಟೆ ಹಿಂಡುತ್ತಿತ್ತು. ಮೈ ಇಳಿಯಿತು. ಬಂದವರೆಲ್ಲ ತಮಗೆ ತೋಚಿದ್ದು ಹೇಳಿದರು, ಎಲ್ಲವೂ ಕಾಲಿಗೇ. ಒಬ್ಬಳು ಎಣ್ಣೆ ತಂದಳು, ಒಬ್ಬಳು ಸೊಪ್ಪು ಅರೆದು ಕಟ್ಟಿದಳು. ಕಾಲು ಪಾಪ ಯಾವತ್ತೂ ಇಷ್ಟು ಉಪಚಾರ ಕಂಡಿರಲಿಲ್ಲ, ಮಿರಮಿರ ಹೊಳೆಯತೊಡಗಿತು.

ಕಳೆದ ಮಾವಿನಕಾಯಿಯ ಕಾಲಕ್ಕೆ ಮುಂಚೆ ಒಂದು ದಿನ ಡಾಕ್ಟರು ತಾವೇ ಹೋಟೆಲಿಗೆ ಬಂದರು. ಮುಖದಲ್ಲಿ ಸಂತೋಷ ತುಳುಕುತ್ತಿತ್ತು, ನೇರವಾಗಿ ಓಬಳೇಶನ ಬಳಿಗೆ ಹೋದರು.

"ಒಳ್ಳೆ ಸುದ್ದಿ ಓಬಳೇಶಪ್ಪಾ. ಹೊರಳಿದ ಮೇಲಿನ ಸೋಮವಾರ ದೊಡ್ಡ ಸರ್ಜನ್ ಬರ್ತಿದ್ದಾರೆ, ಇವರ ಹೆಸರು ಕೊಟ್ಟಿದ್ದೀನಿ. ಮೂಳೆ ಕತ್ತರಿಸಿ ಸುತ್ತ ಕಬ್ಬಿಣದ ಚೌಕಟ್ಟು ಕೂರಿಸ್ತಾರೆ. ದಿನಾ ಒಂಚೂರು ಒಂಚೂರು ಎಳೀತಾ ಹೋದ್ರೆ ಕಾಲು ಉದ್ದ ಆಗುತ್ತೆ. ಒಂದು ವರ್ಷದಲ್ಲಿ ಎರಡೂ ಸಮ."

ಓಬಳೇಶ ಹೂಂ ಅನ್ನುವುದಕ್ಕೆ ಬಾಯಿ ತೆರೆದವನು ನನ್ನ ಕೈಯ ಸೌಟು ನೋಡಿ ಮುಚ್ಚಿಕೊಂಡ.

"ಸಾರ್, ನನ್ನ ಕಾಲಲ್ಲಿ ನೋವಿಲ್ಲ" ಎಂದೆ.

"ಅದು ನಿಮಗೆ ಹೇಗೆ ಗೊತ್ತಾಗುತ್ತಮ್ಮಾ? ಅಭ್ಯಾಸ ಆಗಿಹೋಗಿದೆ."

"ಹೊಟ್ಟೆಯದು ಗೊತ್ತಾಗುತ್ತೆ, ಕಾಲಿಂದು ಗೊತ್ತಾಗಲ್ವಾ ಸಾರ್?"

"ಭಯ ಸಹಜ" ಎಂದರು ಡಾಕ್ಟರು, ಬಹಳ ಮೃದುವಾಗಿ. "ಕಾಲು ಸರಿಹೋದ್ರೆ ಹೊಟ್ಟೆಯೂ ಸರಿಹೋಗುತ್ತೆ. ನನ್ನ ಮೇಲೆ ಭಾರ ಹಾಕಿ."

ಭಾರ ಹಾಕುವುದೇನೋ ಸರಿ, ಎರಡು ಕಾಲೂ ನನ್ನವೇ ಅಲ್ಲವೇ. ಆ ರಾತ್ರಿಯಿಂದ ನನಗೆ ಹೊಟ್ಟೆನೋವಿಗಿಂತ ಈ ಯೋಚನೆಯೇ ದೊಡ್ಡದಾಯಿತು. ಸುಖವಾಗಿರುವ ಕಾಲನ್ನು ಕತ್ತರಿಸುತ್ತಾರೆ, ಹೋಟೆಲು ವರ್ಷಪೂರ್ತಿ ಮುಚ್ಚುತ್ತದೆ, ಹೊಟ್ಟೆಯೊಳಗೆ ಹಿಂಡುವವನು ಹಿಂಡುತ್ತಲೇ ಇರುತ್ತಾನೆ. ಸೋಮವಾರದೊಳಗೆ ಡಾಕ್ಟರ ಕಣ್ಣನ್ನು ನನ್ನ ಕಾಲಿನಿಂದ ಎತ್ತಿ ಹೊಟ್ಟೆಯ ಮೇಲೆ ಹೇಗಾದರೂ ಇಡಬೇಕಿತ್ತು. ಸೀರೆಯನ್ನು ನೆಲಕ್ಕೆ ಎಳೆಯುವಷ್ಟು ಉದ್ದ ಉಟ್ಟು ಹೋದೆ. "ಕಾಲು ಮುಚ್ಚಿಡಬೇಡಿ, ನಾಚಿಕೆ ಯಾಕೆ?" ಎಂದರು. ಕಂಬಳಿ ಹೊದ್ದು ಹೋದೆ. ಜ್ವರವೂ ಇದೆಯೇ ಎಂದು ಓಬಳೇಶನನ್ನು ಕೇಳಿದರು. ಹೂಂ ಎಂದ. ಜ್ವರದ ಸೂಜಿ ಚುಚ್ಚಿಸಿಕೊಂಡು ಬಂದೆ.

ಅಷ್ಟರಲ್ಲಿ ಹೊರಳುವ ದಿನ ಬಂತು.

ಊರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ನಡುವೆ ಒಂದಷ್ಟು ಹೊತ್ತು ಮಟ್ಟಸವಾಗಿ ನಿಲ್ಲುತ್ತದೆ. ಬೆಳಿಗ್ಗೆಯಿಂದ ಸೂರ್ಯ ನೆತ್ತಿಗೆ ಬರುವ ತನಕ. ಅದಕ್ಕೆ ಮಟ್ಟದ ಹೊತ್ತು ಎನ್ನುತ್ತೇವೆ. ಆ ಹೊತ್ತು ಕಳೆಯುವುದು ಊರಿನವರಿಗೆ ಪ್ರಾಣಸಂಕಟ. ನೆಲ ಸಮವಾಗಿದೆ ಎಂದರೆ ಅವರ ಕಾಲಿಗೆ ನಂಬಿಕೆಯೇ ಬರುವುದಿಲ್ಲ. ಎದ್ದರೆ ತಲೆ ತಿರುಗುತ್ತದೆ, ಹೆಜ್ಜೆ ಇಟ್ಟರೆ ಗೋಡೆಗೆ ಹೋಗಿ ಬೀಳುತ್ತಾರೆ. ಹಿಂದಿನ ದಿನವೇ ಬಜ್ಜಿ ಬೋಂಡ ಚಿತ್ರಾನ್ನ ಮಾಡಿಟ್ಟುಕೊಂಡು ಮನೆಯಲ್ಲೇ ಕಂಬವನ್ನೋ ಕಿಟಕಿ ಸರಳನ್ನೋ ಹಿಡಿದು ಕೂರುತ್ತಾರೆ. ಪೊಲೀಸರು ಠಾಣೆಯಲ್ಲಿ ಲಾಕಪ್ಪಿನ ಸರಳು ಹಿಡಿದು ಕೂರುತ್ತಾರೆ, ಒಳಗಿರುವ ಕಳ್ಳ ಅದೇ ಸರಳನ್ನು ಇನ್ನೊಂದು ಕಡೆಯಿಂದ ಹಿಡಿದಿರುತ್ತಾನೆ.

ನನಗೆ ಮಾತ್ರ ಆ ಹೊತ್ತು ಏನೂ ಅಲ್ಲ. ಎರಡು ಕಾಲಿಗೂ ಒಂದೇ ಸಲ ನೆಲ ಸಿಗಬೇಕು ಎಂಬ ಹಠ ನನ್ನ ಮೈಗೆ ಯಾವತ್ತೂ ಇಲ್ಲ. ಮಟ್ಟದ ನೆಲದಲ್ಲಿ ನನ್ನದು ಅತ್ತ ನೇರವೂ ಅಲ್ಲ, ಇತ್ತ ಓಲಾಟವೂ ಅಲ್ಲ, ಒಂದು ಹದವಾದ ಕುಂಟು.

ಹಿಂದಿನ ದಿನ ಊರಿಗೆಲ್ಲ ಬಜ್ಜಿ ಕರಿದಿದ್ದೆ. ಎಷ್ಟು ದಿನದ ಆಸೆಯೋ, ಎರಡು ಬಜ್ಜಿ ಬಾಯಿಗೆ ಹಾಕಿಕೊಂಡುಬಿಟ್ಟೆ. ಬೆಳಗಾಗುವ ಹೊತ್ತಿಗೆ ಹಿಂಡುವವನು ಎರಡು ಕೈಯಲ್ಲಿ ಹಿಂಡುತ್ತಿದ್ದ. ಬೆವರು ಕಿತ್ತುಕೊಂಡು ಬಂತು. ಎದ್ದು ಸೆರಗು ಸಿಕ್ಕಿಸಿದೆ.

ಓಬಳೇಶ ನಡುಮನೆಯ ಕಂಬವನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದ. "ಎಲ್ಲಿಗೆ?"

"ಆಸ್ಪತ್ರೆಗೆ."

"ಒಬ್ಬಳೇನಾ? ನಾನು ಬರದೆ ಇದ್ರೆ ಡಾಕ್ಟ್ರಿಗೆ ಯಾರು ಹೇಳ್ತಾರೆ?"

"ನೋವಿರೋಳು ಹೇಳ್ತಾಳೆ."

"ಹೂಂ" ಎಂದ ಓಬಳೇಶ, ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.

ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಹೊಟ್ಟೆಯನ್ನು ಕೈಯಲ್ಲಿ ಒತ್ತಿ ಹಿಡಿದು, ನಿಂತು ನಿಂತು ನಡೆದೆ. ಕಿಟಕಿಗಳಲ್ಲಿ ಸರಳು ಹಿಡಿದ ಮುಖಗಳು ನನ್ನನ್ನು ನೋಡಿದವು. ದಾದಾಪೀರ್ ತನ್ನ ಜಗುಲಿಯಲ್ಲಿ ಬೋರಲು ಮಲಗಿ, "ಅಕ್ಕಾ, ಇವತ್ತು ಊರಲ್ಲಿ ಕಾಲು ಇರೋದು ನಿಮಗೊಬ್ಬರಿಗೇ" ಎಂದು ಕೂಗಿದ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಸಿಸ್ಟರ್ ಮಾರ್ಥಾ ಆಕ್ಸಿಜನ್ ಸಿಲಿಂಡರನ್ನು ತಬ್ಬಿಕೊಂಡು ನೆಲದ ಮೇಲೆ ಕೂತು ಜಪ ಮಾಡುತ್ತಿದ್ದಳು. ಕಣ್ಣು ತೆರೆಯದೆ ಡಾಕ್ಟರ ಕೋಣೆಯ ಕಡೆಗೆ ಗದ್ದ ತೋರಿಸಿದಳು.

ಡಾಕ್ಟರು ಕುರ್ಚಿಯಲ್ಲಿರಲಿಲ್ಲ. ರೋಗಿಗಳ ಮಂಚದ ಮೇಲೆ ಅಂಗಾತ ಮಲಗಿ, ಎರಡು ಕೈಯಲ್ಲೂ ಮಂಚದ ಅಂಚು ಹಿಡಿದು, ಸೂರಿನ ಫ್ಯಾನನ್ನೇ ನೋಡುತ್ತಿದ್ದರು. ಆ ಒಂದು ವಸ್ತುವಿನಿಂದ ಕಣ್ಣು ಕದಲಿಸಿದರೆ ಕೋಣೆಯೇ ತಿರುಗುತ್ತದೆ ಎಂಬ ಭಯ ಮುಖದಲ್ಲಿತ್ತು.

"ಯಾರದು?"

"ಪೇಶೆಂಟು ಸಾರ್. ತುಂಬಾ ನೋವು."

"ಕೂತ್ಕೊಳ್ಳಿ. ನಾನು ಏಳೋ ಹಾಗಿಲ್ಲ. ತಲೆ ಈ ಕಡೆ ತಿರುಗಿಸೋ ಹಾಗೂ ಇಲ್ಲ. ಕೂತ್ಕೊಂಡು ಹೇಳಿ."

ಸ್ಟೂಲು ಎಲ್ಲೋ ಉರುಳಿ ಹೋಗಿತ್ತು. ಇದ್ದದ್ದು ಡಾಕ್ಟರ ಕುರ್ಚಿ. ಅದರಲ್ಲೇ ಕೂತೆ.

"ಏನು ತೊಂದರೆ?"

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕೇಳಿರಲಿಲ್ಲ. ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಹೇಳಿದೆ, ಹಿಂಡುವುದು, ಬೆವರು, ಒಗ್ಗರಣೆಯ ವಾಸನೆ, ಎಲ್ಲವನ್ನೂ. ನಡುವೆ ಯಾರೂ ಹೂಂ ಸಾರ್ ಅನ್ನಲಿಲ್ಲ. ಡಾಕ್ಟರು ಫ್ಯಾನನ್ನು ನೋಡುತ್ತಾ ಕೇಳಿದರು.

"ಎಣ್ಣೆ ಪದಾರ್ಥ ತಿಂದ ಮೇಲೆ ಜಾಸ್ತಿನಾ?"

"ನಿನ್ನೆ ಬಜ್ಜಿ ತಿಂದೆ. ಅದಕ್ಕೇ ಈ ಗತಿ."

"ಯಾವ ಕಡೆ? ಕೆಳಬದಿಯಾ ಮೇಲುಬದಿಯಾ?"

"ಇವತ್ತು ಎರಡೂ ಇಲ್ಲ ಸಾರ್."

ಡಾಕ್ಟರು ಸ್ವಲ್ಪ ಯೋಚಿಸಿದರು. "ಹೌದಲ್ಲ. ಹಾಗಾದ್ರೆ ಹೇಗೆ ಹೇಳ್ತೀರಿ? ಬೆರಳು ತೋರಿಸಿದ್ರೂ ನನಗೆ ಕಾಣಲ್ಲ."

"ಉದ್ದ ಕಡೆ ಸಾರ್."

"ಉದ್ದ ಕಡೆ ಅಂದ್ರೆ?"

"ನನಗೆ ಒಂದು ಗಿಡ್ಡ ಕಡೆ, ಒಂದು ಉದ್ದ ಕಡೆ. ನಮ್ಮವ್ವ ಇಟ್ಟ ಹೆಸರು. ನಾನು ಕೂತರೂ ಅದೇ, ಮಲಗಿದರೂ ಅದೇ, ಊರು ಹೊರಳಿದರೂ ಅದೇ."

ಡಾಕ್ಟರಿಗೆ ಯಾರೆಂದು ಈಗ ಗೊತ್ತಾಗಿತ್ತು. ಕಣ್ಣು ಇಳಿಯುವುದಕ್ಕೆ ಹವಣಿಸಿತು, ಹುಬ್ಬಿನ ಹತ್ತಿರ ಒಂದು ನರ ಮಿಡಿಯಿತು, ಆದರೆ ತಲೆಸುತ್ತು ಬಂದು ಮತ್ತೆ ಫ್ಯಾನಿಗೇ ಹೋಯಿತು.

"ಉದ್ದ ಕಡೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಪಕ್ಕೆಲುಬಿನ ಕೆಳಗೆ. ಬೆನ್ನಿಗೆ ಹೊಡೆಯುತ್ತಾ?"

"ಹೆಗಲ ಹಲಗೆಯ ಕೆಳಗೆ ಮೊಳೆ ಹೊಡೆದ ಹಾಗೆ ಸಾರ್."

"ಅದೂ ಉದ್ದ ಕಡೆಯೇನಾ?"

"ಉದ್ದ ಕಡೆಯೇ."

"ಹತ್ತಿರ ಬನ್ನಿ. ನನ್ನ ಕೈ ತಗೊಂಡು ನೋವಿರೋ ಕಡೆ ಇಡಿ."

ಮಂಚದ ಅಂಚನ್ನು ಬಿಡುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಒಂದೊಂದೇ ಬೆರಳು ಬಿಡಿಸಿ ಕೈ ಕೊಟ್ಟರು. ನಾನು ಅದನ್ನು ತೆಗೆದುಕೊಂಡು ಸರಿಯಾದ ಜಾಗದಲ್ಲಿ ಇಟ್ಟೆ.

"ಉಸಿರು ಎಳೀರಿ."

ಎಳೆದೆ. ಅವರ ಬೆರಳು ಒತ್ತಿತು. ನಾನು ಕಿರುಚಿದ ಸದ್ದಿಗೆ ಮೊಗಸಾಲೆಯಲ್ಲಿ ಸಿಸ್ಟರ್ ಮಾರ್ಥಾಳ ಸಿಲಿಂಡರು ಉರುಳಿತು.

"ಇದು ಕಾಲಲ್ಲ ಕಣಮ್ಮಾ!" ಎಂದು ಡಾಕ್ಟರು ಕೂಗಿದರು. ಹೊಸ ಊರು ಕಂಡುಹಿಡಿದವರ ಸಂಭ್ರಮ. "ಇದು ಹೊಟ್ಟೆ! ಪಿತ್ತಕೋಶದಲ್ಲಿ ಕಲ್ಲು ಆಗಿರಬೇಕು. ಇಷ್ಟು ದಿನ ಯಾಕಮ್ಮಾ ಹೇಳಲಿಲ್ಲ?"

ಏನೆನ್ನಲಿ? ಇಷ್ಟು ದಿನದ ಸಿಟ್ಟು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮನುಷ್ಯ ಅಂಗಾತ ಬಿದ್ದುಕೊಂಡು, ಬೆವರಿನಲ್ಲಿ ಮುಳುಗಿ, ಇನ್ನೂ ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದಿದ್ದರು. ಅಂಥವರನ್ನು ಬಯ್ಯುವುದು ಹೇಗೆ?

"ಹೇಳ್ತಾನೇ ಇದ್ದೆ ಸಾರ್. ನೀವು ಕಾಲು ನೋಡ್ತಿದ್ರಿ" ಎಂದೆ.

ಅವರು ನನ್ನ ಕೈ ಬಿಟ್ಟು ಮತ್ತೆ ಮಂಚದ ಅಂಚು ಹಿಡಿದುಕೊಂಡು, "ಹೊರಗೆ ಸಿಸ್ಟರ್ ಬಿದ್ದಿರಬೇಕು, ಸ್ವಲ್ಪ ನೋಡ್ತೀರಾ? ನೀವೊಬ್ಬರೇ ಎದ್ದು ಓಡಾಡ್ತಿರೋದು" ಎಂದರು. ಹೋಗಿ ಸಿಸ್ಟರನ್ನು ಎತ್ತಿ ಗೋಡೆಗೆ ಒರಗಿಸಿದೆ. ಅವಳು ಕಣ್ಣು ಮುಚ್ಚಿಕೊಂಡೇ ಬೀರುವಿನ ಯಾವ ಅರೆಯಲ್ಲಿ ಯಾವ ಸೂಜಿ ಇದೆಯೆಂದು ಹೇಳಿದಳು, ನಾನು ತೆಗೆದುಕೊಟ್ಟೆ. ಅವಳು ನೆಲದಲ್ಲಿ ಕೂತು, ನಾನು ಅವಳ ಪಕ್ಕದಲ್ಲಿ ಕೂತು, ಸೂಜಿ ಚುಚ್ಚಿಸಿಕೊಂಡೆ. ಸೂರ್ಯ ನೆತ್ತಿಗೇರಿ, ಊರು ಕೆರೆಯ ಕಡೆಗೆ ಮೆಲ್ಲಗೆ ವಾಲಿ, ಜನ ಉಸಿರು ಬಿಟ್ಟು ಎದ್ದು ಓಡಾಡುವ ಹೊತ್ತಿಗೆ ನನ್ನ ನೋವು ಇಳಿದಿತ್ತು.

ಸೋಮವಾರ ದೊಡ್ಡ ಸರ್ಜನ್ ಬಂದರು. ನಾನು ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಅವರ ಕಣ್ಣು ಕಾಲಿಗೆ ಹೋಯಿತು. "ಓ, ಇದೇನಾ ಕೇಸು? ಚೌಕಟ್ಟು ತಂದಿದ್ದೀನಿ" ಎಂದರು.

ಡಾಕ್ಟರ್ ಚಂದ್ರಮೌಳಿ ನನ್ನ ಮುಂದೆ ಬಂದು ನಿಂತರು. "ಸಾರ್, ದಯವಿಟ್ಟು ಕಣ್ಣು ಮುಚ್ಚಿ."

"ಏನು?"

"ಒಂದೈದು ನಿಮಿಷ ಸಾರ್. ಮುಚ್ಚಿಕೊಂಡು ಇವರು ಹೇಳೋದನ್ನ ಕೇಳಿ. ನಾನೂ ಹಾಗೇ ಕಂಡುಹಿಡಿದದ್ದು."

ಸರ್ಜನ್ ಓಬಳೇಶನ ಕಡೆ ನೋಡಿದರು, ಈ ಡಾಕ್ಟರಿಗೆ ಬುದ್ಧಿ ಸರಿ ಇದೆಯೇ ಎನ್ನುವ ಹಾಗೆ. ಓಬಳೇಶ ಹೂಂ ಎನ್ನಲು ಹೋದವನು ನನ್ನನ್ನು ನೋಡಿ ತಡೆದ. "ಅವಳನ್ನೇ ಕೇಳಿ ಸಾರ್, ನೋವು ಅವಳದು" ಎಂದ. ಮದುವೆಯಾದಂದಿನಿಂದ ಅವನ ಬಾಯಿಯಿಂದ ಅಷ್ಟು ಉದ್ದದ ಮಾತು ಹೊರಗಿನವರ ಮುಂದೆ ಬಂದದ್ದು ಅದೇ ಮೊದಲು. ಮನೆಗೆ ಹೋದ ಮೇಲೆ ಸುಸ್ತಾಗಿ ಮಲಗಿಬಿಟ್ಟ.

ಸರ್ಜನ್ ಕಣ್ಣು ಮುಚ್ಚಿದರು. ನಾನು ಹೇಳಿದೆ. ಆಮೇಲೆ ಮೆಷಿನ್ನಿನಲ್ಲಿ ನೋಡಿದರು. ಗೋಡಂಬಿಯಂಥ ಕಲ್ಲುಗಳು ಒಳಗೆ ಸಾಲಾಗಿ ಕೂತಿದ್ದವಂತೆ. ತೆಗೆದರು. ಯಾವ ಕಡೆ ಕೊಯ್ಯಬೇಕು ಎಂಬ ಗೊಂದಲವಾಗದಿರಲಿ ಎಂದು ಸಿಸ್ಟರ್ ಮಾರ್ಥಾ ಮುಂಚೆಯೇ ನನ್ನ ಹೊಟ್ಟೆಯ ಮೇಲೆ ಮಸಿಯಲ್ಲಿ "ಉದ್ದ ಕಡೆ" ಎಂದು ಬರೆದಿದ್ದಳು. ಅದು ಮಾಸಲು ಬಹಳ ದಿನ ಹಿಡಿಯಿತು.

ಕಬ್ಬಿಣದ ಚೌಕಟ್ಟನ್ನು ಸರ್ಜನ್ ಮರೆತು ಬಿಟ್ಟುಹೋದರು. ಅದರ ಮೇಲೆ ಈಗ ಆಸ್ಪತ್ರೆಯ ಹಿತ್ತಲಲ್ಲಿ ಹೀರೆ ಬಳ್ಳಿ ಹಬ್ಬಿದೆ.

ಅಂದಿನಿಂದ ನಮ್ಮೂರಿನ ಆಸ್ಪತ್ರೆಯಲ್ಲಿ ಒಂದು ಹೊಸ ಪದ್ಧತಿ ಬಂತು. ರೋಗಿ ಒಳಗೆ ಬಂದರೆ ಡಾಕ್ಟರು ಎದ್ದು ಮಂಚಕ್ಕೆ ಹೋಗಿ ಅಂಗಾತ ಮಲಗುತ್ತಾರೆ, ರೋಗಿ ಅವರ ಕುರ್ಚಿಯಲ್ಲಿ ಕೂರುತ್ತಾನೆ. ಮೊದಮೊದಲು ಜನ ನಕ್ಕರು. "ನಮಗೆ ಹುಷಾರಿಲ್ಲ ಅಂತ ಹೋದ್ರೆ ಅವರು ಮಲಗ್ತಾರೆ" ಎಂದರು. ಈಗ ಒಗ್ಗಿಹೋಗಿದೆ. ಕುರ್ಚಿಯಲ್ಲಿ ಕೂತ ಮೇಲೆ ಕೆಲವರು ಎಷ್ಟು ಹೊತ್ತು ಮಾತಾಡುತ್ತಾರೆಂದರೆ ಸಿಸ್ಟರ್ ಮಾರ್ಥಾ ಬಂದು ಎಬ್ಬಿಸಬೇಕು. ಡಾಕ್ಟರನ್ನೂ ಎಬ್ಬಿಸಬೇಕಾದ ದಿನಗಳುಂಟು, ಆದರೆ ಅದು ಮಧ್ಯಾಹ್ನದ ಊಟದ ಮೇಲೆ ಮಾತ್ರ.

ಮೊನ್ನೆ ನಾನು ಮತ್ತೆ ಹೋಗಬೇಕಾಯಿತು. ಓಬಳೇಶ ಬಾಗಿಲ ತನಕ ಬಂದು, ತಾನಾಗಿಯೇ ಹೊರಗಿನ ಬೆಂಚಿನಲ್ಲಿ ಕೂತ. ಡಾಕ್ಟರು ನನ್ನನ್ನು ನೋಡಿ ಸಂತೋಷಪಟ್ಟರು, ಮಂಚ ಹತ್ತಿದರು, ಕಣ್ಣು ಫ್ಯಾನಿಗೆ ನೆಟ್ಟರು.

"ಹೇಳಿ ಹೊನ್ನೂರಮ್ಮ. ಹೊಟ್ಟೆನಾ?"

"ಇಲ್ಲ ಸಾರ್." ನನಗೇ ಸಂಕೋಚವಾಯಿತು. ಇಷ್ಟೆಲ್ಲ ರಂಪ ಮಾಡಿದವಳು ಇದನ್ನು ಹೇಗೆ ಹೇಳುವುದು? ಕುರ್ಚಿಯಲ್ಲಿ ಸ್ವಲ್ಪ ಅತ್ತಿತ್ತ ಸರಿದು ಹೇಳಿಯೇಬಿಟ್ಟೆ. "ಈ ಸಲ ಕಾಲು."

ಮಂಚ ಕಿರುಗುಟ್ಟಿತು. ಡಾಕ್ಟರು ತಲೆಯೆತ್ತಿ ನೋಡುತ್ತಾರೆ, ಅವರ ಕಣ್ಣು ಮತ್ತೆ ಜಾರಿ ಅದೇ ಹಳೆಯ ಜಾಗಕ್ಕೆ ಹೋಗಿ ಕೂರುತ್ತದೆ, ದಾದಾಪೀರನಿಗೆ ಮತ್ತೆ ಕೆಲಸ ಬಂತು ಎಂದುಕೊಂಡೆ. ತಲೆ ಏಳಲಿಲ್ಲ. ಕೈಗಳು ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡವು, ಮಟ್ಟದ ಹೊತ್ತಿನಲ್ಲಿ ಹಿಡಿದ ಹಾಗೇ.

"ಯಾವ ಕಾಲು?" ಎಂದು ಕೇಳಿದರು.

ಹುಟ್ಟಿದಂದಿನಿಂದ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು.

"ಉದ್ದದ್ದು ಸಾರ್" ಎಂದೆ. "ಇಷ್ಟು ವರ್ಷ ಇಬ್ಬರ ಕೆಲಸ ಅದೊಂದೇ ಮಾಡಿದೆ."

"ಹೂಂ" ಎಂದರು ಡಾಕ್ಟರು. "ಹೇಳಿ, ಕೇಳ್ತಿದ್ದೀನಿ."

ನಾನು ಕುರ್ಚಿಗೆ ಒರಗಿ, ಉದ್ದ ಕಾಲನ್ನು ನೀಡಿ, ಮೊದಲಿನಿಂದ ಶುರು ಮಾಡಿದೆ.